ಕಾಲಿನ ಹೆಬ್ಬೆಟ್ಟು

ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಓಂಕಾರಮೂರ್ತಿಯವರ ಮನೆಯ ಪಡಸಾಲೆಯಲ್ಲಿ ಒಂದು ರಾಟೆ ಇತ್ತು. ಅದರ ಒಂದು ಕಾಲು ಗಿಡ್ಡ. ತಿರುಗಿಸಿದಾಗೆಲ್ಲ ಕಟಕಟ ಎಂದು ಅಲ್ಲಾಡುತ್ತಿತ್ತು. ಅಲ್ಲಾಡದಿರಲೆಂದು ಯಾರೋ ಪುಣ್ಯಾತ್ಮರು ಆ ಗಿಡ್ಡ ಕಾಲಿನ ಕೆಳಗೆ ಒಂದು ಪುಸ್ತಕ ತುರುಕಿದ್ದರು. ಅದಕ್ಕೆ ರಟ್ಟು ಇರಲಿಲ್ಲ, ಮೊದಲ ಎಂಟು ಪುಟ ಇರಲಿಲ್ಲ, ಕೊನೆಯಲ್ಲಿ ಎಷ್ಟು ಪುಟ ಹೋಗಿದ್ದವೋ ದೇವರಿಗೇ ಗೊತ್ತು. ವರ್ಷಗಟ್ಟಲೆ ರಾಟೆಯ ಕಾಲು ಆ ಪುಸ್ತಕದ ಮೇಲೆ ಕುಣಿದಿತ್ತು. ಪಡಸಾಲೆಯಲ್ಲಿ ಓಡಾಡುವ ಒಬ್ಬರಿಗೂ ಅದರಲ್ಲಿ ಪಾಪ ಕಂಡಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಸೂರಮ್ಮ ಕೊನೆಯವರೆಗೂ ಇದನ್ನು ಮರೆಯಲಿಲ್ಲ.

ಸೂರಮ್ಮ ಆ ರಾಟೆಯ ಮುಂದೆ ಬಂದು ಕೂತದ್ದು ೧೯೯೦ರಲ್ಲಿ, ಹನ್ನೆರಡನೆಯ ವಯಸ್ಸಿಗೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳ ಅವ್ವ ಬೋರಕ್ಕ ಅದೇ ಪಡಸಾಲೆಯಲ್ಲಿ ಇನ್ನೊಂದು ರಾಟೆಗೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆಯೆಂದರೆ ನೇಯುವವರ ಲಾಳಿಯೊಳಗೆ ಕೂರುವ ಬೆರಳುದ್ದದ ಕಡ್ಡಿ. ಬಣ್ಣ ಹಾಕಿದ ರೇಷ್ಮೆಯ ಲಡಿಯನ್ನು ನೀರಿನಲ್ಲಿ ನೆನೆಸಿ, ಬಲಗೈಯಲ್ಲಿ ರಾಟೆ ತಿರುಗಿಸುತ್ತ, ಎಡಗೈ ಬೆರಳ ಸಂದಿಯಿಂದ ಎಳೆ ಬಿಡುತ್ತ ಆ ಕಡ್ಡಿಗೆ ನೂಲು ತುಂಬಿಸಬೇಕು. ಬೆಳಿಗ್ಗೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ಎರಡು ಕೈಗೂ ಬಿಡುವಿಲ್ಲ. ಕಣ್ಣಿಗೆ ಮಾತ್ರ ಬೇಕಾದಷ್ಟು ಬಿಡುವು, ಯಾಕೆಂದರೆ ಎಳೆ ಹರಿದರೆ ಬೆರಳಿಗೇ ಗೊತ್ತಾಗುತ್ತದೆ.

ಕೆಲಸಕ್ಕೆ ಬಂದ ಮೂರನೆಯ ದಿನ ಸೂರಮ್ಮ ರಾಟೆಯ ಕಾಲಿನಡಿಗೆ ಒಂದು ಚಪ್ಪಟೆ ಕಲ್ಲು ಸರಿಸಿ ಪುಸ್ತಕವನ್ನು ಈಚೆಗೆ ಎಳೆದುಕೊಂಡಳು. ಕೈ ಎರಡೂ ಕೆಲಸದಲ್ಲಿದ್ದವು. ಗಾಳಿಗೆ ಪುಟ ನಿಲ್ಲುತ್ತಿರಲಿಲ್ಲ. ಎಡಗಾಲು ಮುಂದಕ್ಕೆ ಚಾಚಿ, ಹೆಬ್ಬೆರಳಿನಿಂದ ಪುಟದ ಕೆಳಮೂಲೆಯನ್ನು ಒತ್ತಿ ಹಿಡಿದಳು. ಓದಿ ಮುಗಿದರೆ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಮೂಲೆ ಸಿಕ್ಕಿಸಿ ಮಗುಚುವುದು. ಎರಡು ದಿನದಲ್ಲಿ ರೂಢಿಯಾಯಿತು.

ಅದೊಂದು ಮಕ್ಕಳ ಕಥೆ. ಕಳ್ಳರು ಒಂದು ಮನೆಯ ಬಾಗಿಲನ್ನೇ ಕಿತ್ತುಕೊಂಡು ಹೋಗುತ್ತಾರೆ. ಆ ಮನೆಯ ಹುಡುಗಿ ಊರೂರು ಅಲೆದು ಬಾಗಿಲನ್ನು ಪತ್ತೆಹಚ್ಚಿ ಬೆನ್ನ ಮೇಲೆ ಹೊತ್ತುಕೊಂಡು ಮನೆಯ ಕಡೆ ಹೊರಡುತ್ತಾಳೆ. ದಾರಿಯಲ್ಲಿ ಸಿಕ್ಕವರೆಲ್ಲ ಅವಳನ್ನು ತಡೆಯುವವರೇ. ಇಷ್ಟು ದೊಡ್ಡ ಬಾಗಿಲು ಹೆಣ್ಣುಮಗುವಿಗೆ ಯಾಕೆ ಎಂದು ಕೇಳುತ್ತಾರೆ. ಅವಳು, ಯಾಕೆ ಬೇಡ ಅಂತ ಮೊದಲು ನೀವು ಹೇಳಿ, ಎನ್ನುತ್ತಾಳೆ. ಹುಡುಗಿ ಹೊಳೆಯ ದಂಡೆಗೆ ಬಂದು ನಿಂತಲ್ಲಿಗೆ ಪುಟಗಳು ಮುಗಿದಿದ್ದವು. ಬಾಗಿಲು ಮನೆ ಸೇರಿತೋ ಇಲ್ಲವೋ ಹೇಳುವವರಿಲ್ಲ. ಸೂರಮ್ಮ ವಾರಕ್ಕೊಂದು ಕೊನೆ ಕಟ್ಟಿದಳು. ಒಂದು ವಾರ ಹುಡುಗಿ ಬಾಗಿಲನ್ನೇ ತೆಪ್ಪ ಮಾಡಿಕೊಂಡಳು, ಇನ್ನೊಂದು ವಾರ ಹೊಳೆ ಬತ್ತುವವರೆಗೆ ಅಲ್ಲೇ ಕೂತಳು. ಕೊನೆ ಎನ್ನುವುದು ಬೇರೆಯವರು ಬರೆದುಕೊಟ್ಟದ್ದೇ ಆಗಬೇಕಿಲ್ಲ ಎಂಬುದು ಅವಳ ತಲೆಯಲ್ಲಿ ಕೂತದ್ದು ಆಗ.

ಹದಿನೈದು ದಿನ ಸುಖವಾಗಿ ಕಳೆಯಿತು. ಹದಿನಾರನೆಯ ದಿನ ಓಂಕಾರಮೂರ್ತಿಯವರ ಹೆಂಡತಿ ಸರ್ವಮಂಗಳಮ್ಮ ಪಡಸಾಲೆಗೆ ಬಂದರು.

"ಅಯ್ಯೋ ಪಾಪಿ! ಸರಸ್ವತಿಗೆ ಕಾಲಿಡ್ತೀಯೇನೇ?" ಎಂದವರೇ ಕೆನ್ನೆಗೊಂದು ಕೊಟ್ಟರು.

ಬೋರಕ್ಕ ಓಡಿಬಂದು ಮಗಳ ತಲೆ ಬಗ್ಗಿಸಿದಳು. "ಕಣ್ಣಿಗೆ ಒತ್ಕೊಳ್ಳೇ, ತಪ್ಪಾತು ಅನ್ನೇ."

ಸೂರಮ್ಮ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡಳು. ತಪ್ಪಾಯಿತು ಎನ್ನುವ ಬದಲು ಕೇಳಿದಳು. "ರಾಟೆ ಕಾಲು ಇಟ್ಟಾಗ ಸರಸ್ವತಿಗೆ ನೋವಾಗ್ಲಿಲ್ವಾ ಅಮ್ಮಾರೇ?"

ಇನ್ನೊಂದು ಬಿತ್ತು. ಮರದ ಕಾಲು ವರ್ಷಗಟ್ಟಲೆ ತುಳಿದರೆ ಪಾಪವಿಲ್ಲ, ಓದುವವಳ ಕಾಲು ತಾಗಿದರೆ ಪಾಪ. ಈ ನ್ಯಾಯ ಅವಳಿಗೆ ಹನ್ನೆರಡರಲ್ಲೂ ಅರ್ಥವಾಗಲಿಲ್ಲ, ಆಮೇಲೂ ಆಗಲಿಲ್ಲ.

ಮರುದಿನದಿಂದ ತಾಯಿಮಗಳು ಪಡಸಾಲೆ ಬಿಟ್ಟು ತಮ್ಮ ಮನೆಯಲ್ಲೇ ಕಂಡಿಕೆ ಸುತ್ತತೊಡಗಿದರು. ಕೆಲಸ ಕೊಡದಿರಲು ಓಂಕಾರಮೂರ್ತಿಯವರಿಗೂ ಆಗದು, ಅಷ್ಟು ಚುರುಕು ಕೈ ಬೇರೆ ಯಾರದೂ ಇರಲಿಲ್ಲ. ಆ ಹರಕು ಪುಸ್ತಕವನ್ನೂ ಸೂರಮ್ಮ ಲಡಿಗಳ ಅಡಿಯಲ್ಲಿಟ್ಟು ಮನೆಗೆ ತಂದಿದ್ದಳು. ಮನೆಯಲ್ಲಿ ಬೋರಕ್ಕನ ಕಾಟ ಶುರುವಾಯಿತು. ಕಾಲು ತೆಗಿ, ಕಾಲು ತೆಗಿ.

"ಅವ್ವಾ, ನಿಮ್ಮಪ್ಪ ಸಿದ್ದಾಪುರದಾಗೆ ಕುರಿ ಕಾಯ್ತಿದ್ದಾಗ ಮಂದೆ ಎಲ್ಲಿ ಮಲಗ್ತಿತ್ತು ಅಂತ ನೀನೇ ಹೇಳಿದ್ದೆಲ್ಲ?"

"ಆ ಅಕ್ಷರ ಕೆತ್ತಿದ ಬಂಡೆಗುಂಡಿನ ಮೇಲೆ. ಬಿಸಿಲು ಇಳಿದ ಮೇಲೆ ಬೆಚ್ಚಗಿರ್ತಿತ್ತು."

"ರಾಜ ಕೆತ್ತಿಸಿದ ಅಕ್ಷರದ ಮೇಲೆ ಕುರಿ ಮಲಗಿ ಹಿಕ್ಕೆ ಹಾಕ್ತಿದ್ವು. ಅಕ್ಷರ ಇನ್ನೂ ಐತೆ. ನನ್ನ ಕಾಲಿಗೆ ಹೋಗ್ತಾವಾ?"

ಬೋರಕ್ಕನಿಗೆ ನಗು ತಡೆಯಲಾಗಲಿಲ್ಲ. "ಹೋಗ್ಲಿ, ಕಾಲಾದ್ರೂ ತೊಳ್ಕೊಂಡು ಓದು," ಎಂದಳು. ಅಂದಿನಿಂದ ಸೂರಮ್ಮ ದಿನಾ ಬೆಳಿಗ್ಗೆ ಸೀಗೆಪುಡಿ ಹಾಕಿ ಕಾಲು ತೊಳೆದು ಕೂರುತ್ತಿದ್ದಳು. ತೊಳೆದರೂ ಏನು? ನೆಂದ ಲಡಿಯಿಂದ ಬಣ್ಣದ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಕೆಂಪು ಸೀರೆಗೆ ನೂಲು ಸುತ್ತುವ ದಿನ ಪುಟದ ಮೂಲೆಯಲ್ಲಿ ಕೆಂಪು ಹೆಬ್ಬೆರಳು ಮೂಡುತ್ತಿತ್ತು, ಗಿಳಿಹಸಿರಿನ ದಿನ ಗಿಳಿಹಸಿರು. ಬೋರಕ್ಕ ಕೂಲಿ ಪುಸ್ತಕದಲ್ಲಿ ಕೈಯ ಹೆಬ್ಬೆಟ್ಟು ಒತ್ತುತ್ತಿದ್ದಳು, ಓದು ಬಾರದವಳೆಂದು. ಮಗಳು ಕಥೆ ಪುಸ್ತಕದಲ್ಲಿ ಕಾಲಿನ ಹೆಬ್ಬೆಟ್ಟು ಒತ್ತಿದಳು.

ಮರುವರ್ಷ ಓಂಕಾರಮೂರ್ತಿಯವರು ತೀರಿಹೋದ ತಂದೆ ಮಲ್ಲಿಕಾರ್ಜುನಪ್ಪನವರ ಹೆಸರಿನಲ್ಲಿ, ಸೀರೆ ಅಂಗಡಿಯ ಪಕ್ಕದ ಕೋಣೆಯಲ್ಲಿ ಒಂದು ವಾಚನಾಲಯ ತೆರೆದರು. ಎರಡು ಗಾಜಿನ ಬೀರು, ಇನ್ನೂರ ಹನ್ನೆರಡು ಪುಸ್ತಕ, ಮೇಲೆ ಹಾರ ಹಾಕಿದ ಫೋಟೋ. ಉದ್ಘಾಟನೆಯ ದಿನ ಬಂದವರಿಗೆಲ್ಲ ಉಪ್ಪಿಟ್ಟು ಕೇಸರಿಬಾತು. ಭಾಷಣ ಮಾಡಿದವರು ಪುಸ್ತಕವೇ ದೇವರೆಂದರು. ದೇವರೆಂದ ಮೇಲೆ ಮುಟ್ಟುವುದುಂಟೇ? ಬಂದವರು ಪೇಪರ್ ಓದಿ, ದಾಖಲೆ ಪುಸ್ತಕಕ್ಕೆ ಸಹಿ ಹಾಕಿ, ಗಾಜಿನ ಬೀರುವಿಗೆ ಕೈಮುಗಿಯದಿದ್ದರೂ ಮುಗಿದಂತೆಯೇ ಎದ್ದು ಹೋಗುತ್ತಿದ್ದರು.

ಹದಿಮೂರರ ಸೂರಮ್ಮ ತಲೆ ಬಾಚಿಕೊಂಡು ಹೋದಳು. ಬಾಗಿಲಲ್ಲೇ ಓಂಕಾರಮೂರ್ತಿಯವರು ನಿಂತಿದ್ದರು.

"ಕಾಲಾಗೆ ಓದೋರಿಗೆ ಇಲ್ಲಿ ಜಾಗ ಇಲ್ಲಮ್ಮ. ನಮ್ಮಪ್ಪಾಜಿ ಹೆಸರಿನ ಜಾಗ ಇದು. ನಿನ್ನ ಹೆಸರು ಬರ್ಕೊಳ್ಳೋದಿಲ್ಲ."

ಒಳಗೆ ದಾಖಲೆ ಪುಸ್ತಕದ ಮುಂದೆ ಸಿದ್ದಲಿಂಗೇಶ್ ಕೂತಿದ್ದ. ಅಂಗಡಿಯ ಗುಮಾಸ್ತ, ವಾಚನಾಲಯಕ್ಕೂ ಅವನೇ ದಿಕ್ಕು. ಮಾತು ಕಡಿಮೆಯ ಮನುಷ್ಯ. ಹುಡುಗಿ ತಿರುಗಿ ಹೋಗುವುದನ್ನು ನೋಡಿದ. ಸೂರಮ್ಮ ದಾರಿಯುದ್ದಕ್ಕೂ ಕಲ್ಲು ಒದೆಯುತ್ತ ನಡೆದಳು. ಬಾಗಿಲು ಹೊತ್ತ ಹುಡುಗಿಯನ್ನೂ ಹೀಗೆಯೇ ತಡೆದಿದ್ದರಲ್ಲ ಎಂದುಕೊಂಡಳು.

ಸೋಮವಾರ ಕಂಡಿಕೆ ಬುಟ್ಟಿ ಅಂಗಡಿಯಿಂದ ಮನೆಗೆ ಬಂತು. ಲಡಿಗಳ ಅಡಿಯಲ್ಲಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಪುಸ್ತಕ. ಮುಂದಿನ ಸೋಮವಾರ ಕಂಡಿಕೆಗಳ ಜೊತೆ ಅದನ್ನು ವಾಪಸು ಕಳಿಸಿದಳು, ಮತ್ತೊಂದು ಬಂತು. ಆ ಬುಟ್ಟಿಯ ವಿಷಯ ಹದಿನೈದು ವರ್ಷ ಅವಳಿಗೂ ಸಿದ್ದಲಿಂಗೇಶನಿಗೂ ಬಿಟ್ಟರೆ ಅವಳ ಮನೆಯವರಿಗೆ ಮಾತ್ರ ಗೊತ್ತಿತ್ತು. ದಾಖಲೆ ಪುಸ್ತಕದಲ್ಲಿ ಸೂರಮ್ಮ ಎಂಬ ಹೆಸರು ಒಂದು ಸಲವೂ ಏರಲಿಲ್ಲ.

ಹದಿನೇಳರಲ್ಲಿ ಅವಳ ಕೈಗೆ, ಅಲ್ಲ ಕಾಲಿಗೆ, ಒಂದು ದಪ್ಪ ಕಾದಂಬರಿ ಬಂತು. ಅದರಲ್ಲಿ ಒಬ್ಬಳು ಒಳ್ಳೆಯ ಸೊಸೆ. ಮುನ್ನೂರು ಪುಟ ಅತ್ತೆಯ ಮಾತು, ಗಂಡನ ಮಾತು, ಮೈದುನನ ಮಾತು ಕೇಳಿಸಿಕೊಂಡು ಕೊನೆಗೆ ಜ್ವರ ಬಂದು ಸಾಯುತ್ತಾಳೆ. ಸತ್ತ ಮೇಲೆ ಎಲ್ಲರೂ ಅವಳನ್ನು ಹೊಗಳುತ್ತಾರೆ. ಸೂರಮ್ಮನಿಗೆ ಮೈಯೆಲ್ಲ ಬೆಂಕಿ. ಕೊನೆಯ ಪುಟವನ್ನು ಎಷ್ಟು ಬಲವಾಗಿ ಒತ್ತಿದಳೆಂದರೆ ಅರಿಶಿನ ಬಣ್ಣದ ಹೆಬ್ಬೆರಳು ಹಿಂದಿನ ಮೂರು ಪುಟಕ್ಕೂ ಇಳಿಯಿತು. ಬುಟ್ಟಿ ಕೊಡಲು ತಾನೇ ಅಂಗಡಿಗೆ ಹೋಗಿ ಸಿದ್ದಲಿಂಗೇಶನಿಗೆ ಮೆಲ್ಲಗೆ ಅಂದಳು.

"ಅಣ್ಣಾ, ಆಕೆಗೆ ಬಾಯಿ ಇರ್ಲಿಲ್ವಾ?"

"ಅದು ಕಥೆ ಅಲ್ವೇನಮ್ಮ."

"ಕಥೆಯಾಗಾದ್ರೂ ಇರಬೇಕಿತ್ತಲ್ಲ."

ಆ ವರ್ಷವೇ ಅವಳಿಗೆ ಗಂಡು ನೋಡತೊಡಗಿದ್ದರು. ಮೊದಲು ಬಂದವನು ರಾಯದುರ್ಗದ ಕಡೆಯವನು, ಹುಡುಗಿ ತಗ್ಗಿ ಬಗ್ಗಿ ನಡೆಯುತ್ತಾಳಾ ಎಂದು ಕೇಳಿದ. ಕಾದಂಬರಿಯ ಸೊಸೆ ಕಣ್ಣ ಮುಂದೆ ಬಂದು ನಿಂತಳು. ಒಲ್ಲೆ ಎಂದುಬಿಟ್ಟಳು. ಬೋರಕ್ಕ ಎದೆ ಬಡಿದುಕೊಂಡಳು. ಎರಡನೆಯವನು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲಿ ಓಬಯ್ಯ. ಈ ಸಲ ಪ್ರಶ್ನೆ ಕೇಳಿದ್ದು ಸೂರಮ್ಮ.

"ನಾನು ಕಾಲಾಗೆ ಪುಸ್ತಕ ಓದ್ತೀನಿ. ನಡೀತೈತಾ?"

ಓಬಯ್ಯ ಅವಳ ಕಾಲನ್ನೇ ಕಣ್ಣರಳಿಸಿ ನೋಡಿದ. "ಕಾಲಾಗೆ ಓದ್ತೀಯಾ? ನಂಗೆ ಕೈಯಾಗೂ ಬರಲ್ಲ ಕಣಮ್ಮ," ಎಂದ. ಮನೆಯವರೆಲ್ಲ ನಕ್ಕರು, ಅವಳೂ ನಕ್ಕಳು. ತಿಂಗಳೊಳಗೆ ಮದುವೆಯಾಯಿತು.

ಚಳ್ಳಕೆರೆಯಲ್ಲಿ ರೇಷ್ಮೆ ಇಲ್ಲ, ಕಡ್ಲೆಕಾಯಿ. ಮಿಲ್ಲಿನ ಅಂಗಳದಲ್ಲಿ ಬೆಟ್ಟದಷ್ಟು ರಾಶಿ, ಸುತ್ತ ಹೆಂಗಸರು ಕೂತು ಕೆಟ್ಟ ಬೀಜ ಆರಿಸುವುದು. ಅಲ್ಲಿ ಕಣ್ಣಿಗೂ ಕೆಲಸ, ಕೈಗೂ ಕೆಲಸ. ಓದು ನಿಂತಿತು. ಅವಳ ಬದುಕಿನಲ್ಲಿ ಪುಸ್ತಕವಿಲ್ಲದ ವರ್ಷಗಳು ಅವೇ. ಜಗಳಗಂಟಿಯಾದಳು, ಸಣ್ಣದಕ್ಕೆಲ್ಲ ಓಬಯ್ಯನ ಮೇಲೆ ಹಾರಾಡಿದಳು. ಅವನು ಮೊಳಕಾಲ್ಮೂರಿಗೆ ಹೋಗುವ ಲಾರಿಯವರನ್ನೆಲ್ಲ ಹಿಡಿದು, ನಮ್ಮಾಕೆಗೆ ಒಂದು ಪುಸ್ತಕ ತರ್ರಿ ಎಂದು ಗೋಗರೆದ. ಯಾವ ಪುಸ್ತಕ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ, ಪಾಪ.

೧೯೯೯ರಲ್ಲಿ ಬಾಣಂತನಕ್ಕೆ ತವರಿಗೆ ಬಂದಾಗ ಕಂಡಿಕೆ ಬುಟ್ಟಿಯೂ ಮತ್ತೆ ಬಂತು. ಈ ಸಲ ಅವಳೇ ಹೇಳಿ ಕಳಿಸಿದ್ದಳು, ಹೆರಿಗೆಯದ್ದು ಏನಾದರೂ ಇದ್ದರೆ ಕೊಡಿ ಎಂದು. ಒಬ್ಬ ಡಾಕ್ಟರಮ್ಮ ಬರೆದ ಸಣ್ಣ ಪುಸ್ತಕ, ನಡುವೆ ಚಿತ್ರಗಳು. ಸಿದ್ದಲಿಂಗೇಶ್ ನಾಚಿಕೊಂಡು ಎರಡು ಸುತ್ತು ಪಂಚೆ ಹೆಚ್ಚಿಗೆ ಸುತ್ತಿದ್ದ. ಹೆತ್ತ ಮೇಲೆ ಬಾಣಂತಿಗೆ ನೀರು ಕೊಡಬಾರದು ಎನ್ನುವುದು ಅವರ ಮನೆಯ ಪದ್ಧತಿ. ಬೋರಕ್ಕನನ್ನು ಅವಳ ಅವ್ವ ಹಾಗೇ ಒಣಗಿಸಿದ್ದಳು, ಬೋರಕ್ಕ ಮಗಳನ್ನು ಒಣಗಿಸಲು ಚೊಂಬನ್ನು ಅಟ್ಟದ ಮೇಲಿಟ್ಟಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಸೂರಮ್ಮ ಹಾಸಿಗೆಯಿಂದಲೇ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದಳು. ಹಾಲು ಬರಲು ತಾಯಿ ಧಾರಾಳವಾಗಿ ನೀರು ಕುಡಿಯಬೇಕು.

"ಅದನ್ನ ಬರೆದೋಳು ನಿನ್ನ ಹೆತ್ತಳೇನೇ?" ಎಂದಳು ಬೋರಕ್ಕ.

"ನೀನು ಹೆತ್ತಿದ್ದೀಯ. ಆಗ ನಿಂಗೂ ಬಾಯಾರಿತ್ತೋ ಇಲ್ವೋ, ನಿಜ ಹೇಳು."

ಬೋರಕ್ಕ ಮಗುವಿನ ಹೊದಿಕೆ ಸರಿಮಾಡಿದಳು. "ಬಚ್ಚಲ ನೀರು ಕದ್ದು ಕುಡಿದಿದ್ದೆ ಕಣೇ," ಎಂದಳು. ಎದ್ದು ಚೊಂಬು ಇಳಿಸಿದಳು. ಸೂರಮ್ಮ ಒಂದೇ ಉಸಿರಿಗೆ ಕುಡಿದು ಅತ್ತುಬಿಟ್ಟಳು. ತನಗಾಗಿ ಅಲ್ಲ, ಬಚ್ಚಲ ನೀರಿಗಾಗಿ.

೨೦೦೨ರಲ್ಲಿ ಮಿಲ್ಲು ನಿಂತಿತು. ಗಂಡ ಹೆಂಡತಿ ಮಗುವನ್ನು ಕಟ್ಟಿಕೊಂಡು ಮೊಳಕಾಲ್ಮೂರಿಗೆ ಬಂದರು. ಓಬಯ್ಯ ಬಸ್ ಸ್ಟ್ಯಾಂಡಿನಲ್ಲಿ ಮೂಟೆ ಹೊತ್ತ, ಸೂರಮ್ಮ ರಾಟೆಗೆ ಕೂತಳು, ಎಡಗಾಲು ತಾನಾಗಿ ಮುಂದಕ್ಕೆ ಚಾಚಿಕೊಂಡಿತು. ಆ ದಪ್ಪ ಕಾದಂಬರಿಯನ್ನು ಮತ್ತೆ ತರಿಸಿಕೊಂಡಳು, ಇನ್ನೊಮ್ಮೆ ಬೈಯೋಣವೆಂದೇ. ಹಳೆಯ ಅರಿಶಿನ ಬಣ್ಣದ ಗುರುತಿನ ಪಕ್ಕ ಈಗ ಹೊಸ ಬದನೆ ಬಣ್ಣದ್ದು ಬಿತ್ತು, ಸ್ವಲ್ಪ ಅಗಲವಾಗಿತ್ತು.

ಆದರೆ ಈ ಸಲ ಬೇರೆಯೇ ಪುಸ್ತಕ. ಹದಿನೇಳರಲ್ಲಿ ಕಾಣದ್ದು ಈಗ ಕಂಡಿತು. ನಲವತ್ತನೆಯ ಪುಟದಲ್ಲಿ ಸೊಸೆ ಎಲ್ಲರಿಗೂ ಬಡಿಸಿ, ತನಗೆಂದು ಒಂದು ಸೌಟು ಸಾರು ಉಳಿಸುತ್ತಾಳೆ. ಅಷ್ಟರಲ್ಲಿ ಯಾರೋ ಬರುತ್ತಾರೆ, ಅದೂ ಹೋಗುತ್ತದೆ. ನೂರನೆಯ ಪುಟದಲ್ಲಿ ಮತ್ತೆ ಹಾಗೇ. ಇನ್ನೂರರಲ್ಲಿ ಅವಳು ಉಳಿಸುವುದನ್ನೇ ಬಿಟ್ಟಿರುತ್ತಾಳೆ. ಬರೆದವರು ಎಲ್ಲೂ ಒತ್ತಿ ಹೇಳಿಲ್ಲ, ಹೇಳಿದ್ದರೆ ಆಗಲೇ ಕಾಣುತ್ತಿತ್ತೋ ಏನೋ. ಅಂದು ಅವಳು ಬೈದದ್ದು ಸೊಸೆಯನ್ನು. ಇವತ್ತು ಇಡೀ ಮನೆಯನ್ನು ಬೈದಳು. ತಾನು ಚಳ್ಳಕೆರೆಯಲ್ಲಿ ಎಷ್ಟು ದಿನ ಓಬಯ್ಯನಿಗೆ ಬಡಿಸಿ ಬರೀ ನೀರು ಕುಡಿದು ಮಲಗಿದ್ದೆ ಎಂಬುದು ನೆನಪಾಗಿ ಆ ಸಂಜೆ ತನ್ನನ್ನೂ ಸೇರಿಸಿ ಎಲ್ಲರಿಗೂ ಒಟ್ಟಿಗೇ ತಟ್ಟೆ ಹಾಕಿದಳು. ಓಬಯ್ಯ ಅವಳ ಕಡೆಗೆ ಸಾರಿನ ಪಾತ್ರೆ ಸರಿಸಿದ.

೨೦೦೬ರ ಒಂದು ಸೋಮವಾರ ಬುಟ್ಟಿಯಲ್ಲಿ ಪುಸ್ತಕದ ಜೊತೆ ಚೀಟಿಯೂ ಇತ್ತು. ಸಿದ್ದಲಿಂಗೇಶನ ಗುಂಡು ಗುಂಡು ಅಕ್ಷರ. ಇದೇ ಕೊನೆ ಪುಸ್ತಕ. ಭಾನುವಾರ ಬೀರು ಖಾಲಿ ಮಾಡುತ್ತಾರೆ. ರದ್ದಿಗೆ.

ಬೆಂಗಳೂರಿನ ಗಿರಾಕಿಗಳು ಕಾರಿನಲ್ಲಿ ಬರತೊಡಗಿದ್ದರು. ಅವರನ್ನು ಕೂರಿಸಲು ಸೀರೆ ಅಂಗಡಿ ಸಾಲದು. ಗೋಡೆ ಒಡೆದು ವಾಚನಾಲಯವನ್ನೂ ಅಂಗಡಿಗೆ ಸೇರಿಸುವುದು ಓಂಕಾರಮೂರ್ತಿಯವರ ಯೋಚನೆ. ತಂದೆಯ ಹೆಸರಿನ ಕೋಣೆಯಾದ್ದರಿಂದ ನಾಲ್ಕು ಜನರ ಒಪ್ಪಿಗೆ ಇರಲೆಂದು ಊರಿನ ಏಳೆಂಟು ಹಿರಿಯರನ್ನು ಕರೆದಿದ್ದರು.

ಸೂರಮ್ಮ ಆ ವಾರ ಎಳೆ ಹರಿದುಕೊಂಡದ್ದಕ್ಕೆ ಲೆಕ್ಕವಿಲ್ಲ. ಬೀರು ಹೋದರೆ ಅವಳಿಗೆ ಓದೇ ಇಲ್ಲ. ಪುಸ್ತಕವಿಲ್ಲದೆ ತಾನು ಏನಾಗುತ್ತೇನೆ ಎಂಬುದನ್ನು ಚಳ್ಳಕೆರೆಯಲ್ಲಿ ನೋಡಿದ್ದಳು. ಭಾನುವಾರ ಬೆಳಿಗ್ಗೆ ಅರ್ಜೆಂಟು ಲಡಿ ಸುತ್ತಿಕೊಟ್ಟು, ಕಾಲಲ್ಲಿ ಕುಂಕುಮ ಬಣ್ಣ ಇರುವಂತೆಯೇ ಎದ್ದಳು. ಓಬಯ್ಯನೂ ಹೆಗಲ ಟವೆಲ್ ಕೊಡವಿಕೊಂಡು ಹಿಂದೆ ಬಂದ.

ವಾಚನಾಲಯದಲ್ಲಿ ಹಿರಿಯರು ಕುರ್ಚಿಯಲ್ಲಿ, ಸರ್ವಮಂಗಳಮ್ಮ ಒಳಬಾಗಿಲಲ್ಲಿ, ಸಿದ್ದಲಿಂಗೇಶ್ ದಾಖಲೆ ಪುಸ್ತಕದ ಮುಂದೆ. ಓಂಕಾರಮೂರ್ತಿಯವರು ಅದರ ಪುಟ ತಿರುವಿ ತೋರಿಸುತ್ತಿದ್ದರು.

"ನೋಡ್ರಿ, ಹದಿನೈದು ವರ್ಷದಾಗೆ ಒಬ್ಬರೂ ಒಂದು ಪುಸ್ತಕ ಮನೆಗೆ ಒಯ್ದಿಲ್ಲ. ಪೇಪರ್ ಓದಿ ಎದ್ದು ಹೋಗ್ತಾರೆ. ಓದೋರೇ ಇಲ್ಲದ ಮೇಲೆ ಯಾತಕ್ಕೆ ಈ ಬೀರು?"

"ಓದೋರು ಇದ್ದೀವಿ ಸಾವ್ಕಾರ್ರೇ," ಎಂದಳು ಸೂರಮ್ಮ ಹೊಸ್ತಿಲಲ್ಲೇ ನಿಂತು.

"ಯಾರು, ನೀನಾ? ನಿನ್ನ ಹೆಸರು ಎಲ್ಲೈತೆ ಇದರಾಗೆ?"

"ನೀವು ಬರ್ಕೊಳ್ಳಲ್ಲ ಅಂದ್ರಿ. ಪುಸ್ತಕದೊಳಗೈತೆ, ತೆಗೆದು ನೋಡ್ರಿ."

ಸಿದ್ದಲಿಂಗೇಶ್ ಕುರ್ಚಿಯಿಂದ ಎದ್ದ. "ನಾನೇ ಕೊಡ್ತಿದ್ದೆ ಅಣ್ಣಾವ್ರೇ. ಕಂಡಿಕೆ ಬುಟ್ಟಿಯಾಗೆ," ಎಂದ. ಹದಿನೈದು ವರ್ಷದಲ್ಲಿ ಆ ಮನುಷ್ಯ ಯಜಮಾನರೆದುರು ಆಡಿದ ಅತಿ ಉದ್ದದ ಮಾತು ಅದು. ಬೀರು ತೆರೆದು ಒಂದು ತೆಕ್ಕೆ ಪುಸ್ತಕ ತಂದು ಮೇಜಿನ ಮೇಲಿಟ್ಟ.

ಹಿರಿಯರೊಬ್ಬರು ಒಂದನ್ನು ತೆರೆದರು. ಕೆಳಮೂಲೆಯಲ್ಲಿ ಕೆಂಪು ಹೆಬ್ಬೆರಳು. ಹತ್ತು ಪುಟ ಬಿಟ್ಟು ಇನ್ನೊಂದು. ಮತ್ತೊಂದು ಪುಸ್ತಕದಲ್ಲಿ ಹಸಿರು, ಮತ್ತೊಂದರಲ್ಲಿ ನೀಲಿ. ಸೂರಮ್ಮ ಒಳಗೆ ಬಂದು ಒಂದೊಂದನ್ನೇ ತೋರಿಸಿದಳು.

"ಇದು ನವಿಲು ಬಣ್ಣ. ನಿಮ್ಮ ಮಗಳು ದಾಕ್ಷಾಯಿಣಿಯವರ ಧಾರೆ ಸೀರೆಗೆ ನೂಲು ಸುತ್ತಿದಾಗ ಓದಿದ್ದು, ತೊಂಬತ್ನಾಕು. ಇದು ಅಮ್ಮಾರು ಗೃಹಪ್ರವೇಶಕ್ಕೆ ಉಟ್ಟಿದ್ದರ ಬಣ್ಣ. ಬಣ್ಣ ಗುರುತು ಹಿಡೀರಿ ಅಮ್ಮಾರೇ, ಸುಳ್ಳಾದ್ರೆ ಹೇಳ್ರಿ."

ಸರ್ವಮಂಗಳಮ್ಮ ಹತ್ತಿರ ಬಂದು ಬಗ್ಗಿ ನೋಡಿದರು. "ನನ್ನ ಸೀರೆ ಬಣ್ಣವೇ," ಎಂದರು, ಯಾರಿಗೂ ಅಲ್ಲವೆಂಬಂತೆ.

ಓಂಕಾರಮೂರ್ತಿಯವರ ಮುಖ ಕೆಂಪೇರಿತು. "ಥೂ! ಎಲ್ಲದರ ಮೇಲೂ ಕಾಲಿಟ್ಟಿದ್ದೀಯಲ್ಲೇ!"

"ಹೌದು, ಎಲ್ಲದರ ಮೇಲೂ ಇಟ್ಟಿದ್ದೀನಿ. ನಿಮ್ಮ ಕೈ ಒಂದರ ಮೇಲಾದ್ರೂ ಬಿದ್ದೈತಾ ಸಾವ್ಕಾರ್ರೇ?"

ಹಿರಿಯರೊಬ್ಬರು ಕೆಮ್ಮಿದರು. ಇನ್ನೊಬ್ಬರು ಮುಂದಿದ್ದ ಪುಸ್ತಕವನ್ನು ಓದುವವರಂತೆ ಮುಖಕ್ಕೆ ಅಡ್ಡ ಹಿಡಿದರು. ಓಂಕಾರಮೂರ್ತಿಯವರು ಸಿಟ್ಟಿನಲ್ಲಿ ಸಿದ್ದಲಿಂಗೇಶನ ಕಡೆ ತಿರುಗಿದರು.

"ಇವಳ ಕಾಲು ತಾಗಿದ್ದೆಲ್ಲ ತೆಗಿ. ಅಪ್ಪಾಜಿ ಫೋಟೋ ಕೆಳಗೆ ಅವು ಬೇಡ. ಶುದ್ಧವಾಗಿರೋದು ಉಳೀಲಿ, ಅಂಗಡಿಯಾಗೆ ಒಂದು ಗಾಜಿನ ಪೆಟ್ಟಿಗೇಲಿ ಇಟ್ಟರೆ ಅಪ್ಪಾಜಿ ಹೆಸರೂ ಉಳೀತೈತೆ."

"ತೆಗೆದದ್ದು?"

"ಇವಳೇ ಹೊತ್ಕೊಂಡು ಹೋಗ್ಲಿ. ಕಾಲು ತಾಗಿದ್ದು ನನಗೆ ಬೇಡ."

"ಕಾಲು ತಾಗಿದ್ದೆಲ್ಲ ನಂದಾ?" ಸೂರಮ್ಮ ಕೇಳಿದಳು.

"ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ? ಎಲ್ಲಾ ನಿಂದೇ. ಎತ್ಕೊಂಡು ಹೋಗು."

"ಹಿರೇರು ಕೇಳಿಸ್ಕೊಂಡ್ರಲ್ಲ?" ಎಂದು ಸೂರಮ್ಮ ಕುರ್ಚಿಗಳ ಕಡೆ ನೋಡಿದಳು. ಕೇಳಿಸಿಕೊಂಡೆವೆಂದು ಅವರು ತಲೆ ಆಡಿಸಿದರು.

ಸಿದ್ದಲಿಂಗೇಶ್ ಪುಟ ತಿರುವಿ ಬೇರೆ ಮಾಡಿದ. ಗುರುತು ಇದ್ದವು ನೂರ ಎಂಬತ್ತೊಂದು. ಗುರುತಿಲ್ಲದವು ಮೂವತ್ತೊಂದು ಬೀರುವಿನಲ್ಲಿ ಉಳಿದವು. ಓಬಯ್ಯ ರದ್ದಿಗೆಂದು ತಂದಿಟ್ಟಿದ್ದ ಗೋಣಿಚೀಲ ಬಿಚ್ಚಿ ತುಂಬತೊಡಗಿದ. ಒಂದು ಚೀಲ ಬೆನ್ನಿಗೇರಿಸಿ ನೋಡಿ, "ಕಡ್ಲೆಕಾಯಿಗಿಂತ ಭಾರ ಐತಲ್ಲೇ ಇದು," ಎಂದ. ಬಾಗಿಲು ಹೊತ್ತ ಹುಡುಗಿಯ ಚಿತ್ರ ಸೂರಮ್ಮನ ಕಣ್ಣಿಗೆ ಬಂತು. ಹೊಳೆಯ ದಂಡೆಯಲ್ಲಿ ನಿಂತುಬಿಟ್ಟಿದ್ದ ಹುಡುಗಿ.

ಅವಳು ಹೊರಡಲಿಲ್ಲ. ಬೀರುವಿನ ಮುಂದೆ ನೆಲದ ಮೇಲೆ ಕೂತಳು. ಎಡಗಾಲು ಮುಂದಕ್ಕೆ ಚಾಚಿದಳು. ಹೆಬ್ಬೆರಳಲ್ಲಿ ಬೆಳಗಿನ ಕುಂಕುಮ ಬಣ್ಣ ಒಣಗಿತ್ತು. ಮೂಲೆಯ ಹೂಜಿಯಿಂದ ಅಂಗೈಯಲ್ಲಿ ನೀರು ತಂದು ಅದನ್ನು ಒದ್ದೆ ಮಾಡಿಕೊಂಡಳು.

"ಸಿದ್ದಲಿಂಗೇಶಣ್ಣ, ಉಳಿದವನ್ನೂ ಇಳಿಸ್ರಿ."

ಆತ ಒಂದು ಕ್ಷಣ ಯಜಮಾನರನ್ನು ನೋಡಿದ, ಒಂದು ಕ್ಷಣ ಅವಳ ಕಾಲನ್ನು ನೋಡಿದ. ಮೊದಲ ಪುಸ್ತಕ ತಂದು ಪುಟ ಬಿಡಿಸಿ ಅವಳ ಮುಂದಿಟ್ಟ. ಸೂರಮ್ಮ ಹೆಬ್ಬೆರಳು ಒತ್ತಿದಳು. ಎರಡನೆಯದು. ಮೂರನೆಯದು. ಓಂಕಾರಮೂರ್ತಿಯವರಿಗೆ ನಡೆಯುತ್ತಿರುವುದು ತಲೆಗೆ ಹೋಗುವಷ್ಟರಲ್ಲಿ ಆರೇಳು ಮುಗಿದಿದ್ದವು.

"ಏ ಏ ಏ! ಏನೇ ಇದು? ಓದದೇ ಕಾಲಿಡ್ತಿದ್ದೀಯಲ್ಲೇ! ಮೋಸ ಇದು!"

ಸೂರಮ್ಮ ಎಂಟನೆಯದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದೇ ತಲೆ ಎತ್ತಿದಳು. ಓದದ ಪುಸ್ತಕದ ಮೇಲೆ ಆಕೆ ಕಾಲಿಟ್ಟದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಅದು ಅವಳಿಗೂ ಚುಚ್ಚುತ್ತಿತ್ತು.

"ಹೌದು ಸಾವ್ಕಾರ್ರೇ, ಮೋಸಾನೇ. ನಾನು ಮುಂದೆ ಓದಿ ಸರಿ ಮಾಡ್ತೀನಿ. ನನ್ನ ಹೆಸರು ಬರ್ಕೊಳ್ದೆ ಓದೋರೇ ಇಲ್ಲ ಅಂದ್ರಲ್ಲ, ಆ ಮೋಸಾನ ನೀವು ಹೆಂಗೆ ಸರಿ ಮಾಡ್ತೀರಿ?"

ಅವರು ಹಿರಿಯರ ಕಡೆ ನೋಡಿದರು. ಹಿರಿಯರು ಛಾವಣಿ ನೋಡುತ್ತಿದ್ದರು. ಸರ್ವಮಂಗಳಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು, ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಮೂವತ್ತೊಂದೂ ಮುಗಿದ ಮೇಲೆ ಸೂರಮ್ಮ ಎದ್ದು ಸೀರೆ ಕೊಡವಿಕೊಂಡಳು. ಓಬಯ್ಯ ಮೂರನೆಯ ಚೀಲದ ಬಾಯಿ ಕಟ್ಟಿದ.

ಪುಸ್ತಕಗಳು ಈಗ ಅವಳ ಮನೆಯಲ್ಲಿವೆ, ಲಡಿಗಳ ಹಲಗೆಯ ಮೇಲೆ. ಬೀದಿಯ ಕಂಡಿಕೆ ಸುತ್ತುವ ಹೆಂಗಸರು ಬಂದು ಒಯ್ಯುತ್ತಾರೆ. ಕದದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾಳೆ: ಕಾಲು ತೊಳೆದು ಓದಿ. ಆ ಮೂವತ್ತೊಂದನ್ನು ಓದಿ ಮುಗಿಸಲು ಅವಳಿಗೆ ಮೂರು ವರ್ಷ ಹಿಡಿಯಿತು. ಕೆಲವು ಚೆನ್ನಾಗಿದ್ದವು, ಕೆಲವು ಬರೀ ಬೂಸ. ಕೊನೆಯದು ಜೇನು ಸಾಕುವುದು ಹೇಗೆ ಎಂಬುದು. ಹೂವಿಗೇ ಗತಿಯಿಲ್ಲದ ಊರಿನಲ್ಲಿ ಜೇನು ಕಟ್ಟಿಕೊಂಡು ಏನು ಮಾಡುವುದು? ಆದರೂ ಒಂದು ಸಾಲು ಬಿಡದೆ ಓದಿದಳು. ೨೦೦೯ರ ಯುಗಾದಿಯ ಹಿಂದಿನ ದಿನ ಅದು ಮುಗಿಯಿತು. ಅಂದು ರಾಟೆಯ ಮೇಲೆ ಗಿಳಿಹಸಿರು ಇತ್ತು. ಕುಂಕುಮ ಬಣ್ಣದ ಹಳೆಯ ಗುರುತಿನ ಪಕ್ಕದಲ್ಲಿ ಹೆಬ್ಬೆರಳು ಒತ್ತಿದಳು. ಹಿಂದಿನ ಮೂವತ್ತಕ್ಕೂ ಹೀಗೆಯೇ ಮಾಡಿದ್ದಳು. ಆ ಮೂವತ್ತೊಂದು ಪುಸ್ತಕಗಳಲ್ಲಿ ಮಾತ್ರ ಎರಡು ಬಗೆಯ ಗುರುತಿವೆ, ಒಂದು ಕಸಿದುಕೊಂಡದ್ದು, ಇನ್ನೊಂದು ಓದಿದ್ದು.